ದವಾಖಾನೆ ಮಾರುವ ಮುನ್ನ ಎರಡು ಸಹಿ ಕೋರಿ

ಶಹಾಬಾದ, ೧೨-೭-೧೯೭೬

ಇಂದ:
ತಮ್ಮಣ್ಣ, ಗುಮಾಸ್ತ, ಫರಸಿ ಕಲ್ಲಿನ ಪಾಲಿಶ್ ಕಾರಖಾನೆ.

ಗೆ:
ಡಾ. ಅಬ್ದುಲ್ ಗನಿ ಹಾಗೂ ಡಾ. ಗೋಪಾಲರಾವ್, ಸಮಪಾಲುದಾರರು, ಬಜಾರ ದವಾಖಾನೆ. (ಪರಸ್ಪರ ಮಾತು ಬಿಟ್ಟಿರುವ ಕಾರಣ ಪ್ರತಿಗಳು ಬೇರೆ ಬೇರೆ.)

ವಿಷಯ: ಕೆಮ್ಮಿನ ನಿಮಿತ್ತ ರಜೆ ಚೀಟಿಗೆ ಇಬ್ಬರ ಸಹಿ ಕೋರಿ.
ಉಲ್ಲೇಖ: ಅರ್ಜಿದಾರನ ಹೆಂಡತಿ ಅಂಬುಬಾಯಿಯ ಮೌಖಿಕ ಆದೇಶ, ಇಂದು ಚಹಾದ ಹೊತ್ತು.

ಮಾನ್ಯರೇ,

೧. ಸದರಿ ಅರ್ಜಿದಾರನು ಕಲ್ಲು ಉಜ್ಜುವ ಯಂತ್ರದ ಪಕ್ಕದ ಕೋಣೆಯಲ್ಲಿ ಲೆಕ್ಕ ಬರೆಯುವವನು. ಕೋಣೆಗೆ ಬಾಗಿಲಿದೆ, ಆದರೆ ಧೂಳು ಬಾಗಿಲನ್ನು ಲೆಕ್ಕಕ್ಕಿಡುವುದಿಲ್ಲ. ಕಾರಣ ಕೆಮ್ಮು.

೨. ರಜೆ ಚೀಟಿಗೆ ಪಾಲುದಾರರಿಬ್ಬರ ಸಹಿಯೂ ಬೇಕೆಂಬುದು ತಮ್ಮ ದವಾಖಾನೆಯ ಪದ್ಧತಿ. ಗನಿ ಡಾಕ್ಟರದು ಕರುಣೆಯ ಕೈ, ಸೀನಿದವರಿಗೂ ವಾರದ ರಜೆ ಬರೆಯುತ್ತಿದ್ದರು. ಆದ್ದರಿಂದ ಗೋಪಾಲರಾಯರೇ ಈ ನಿಯಮ ತಂದರು.

೩. ಹೀಗಿರಲಾಗಿ, ಅರ್ಜಿದಾರನ ಕಾರಖಾನೆಯ ಧಣಿಯವರು ದವಾಖಾನೆಯನ್ನೇ ಕೊಂಡು ತಮ್ಮಿಬ್ಬರನ್ನೂ ತಿಂಗಳ ಪಗಾರಕ್ಕಿಟ್ಟುಕೊಳ್ಳಲು ಮುಂದೆ ಬಂದರು. ಗನಿ ಡಾಕ್ಟರು, "ವಯಸ್ಸಾಗ್ಯಾದ ರಾವಸಾಬ್. ಬಾಡಗಿ, ದವಾಯಿ, ಎಲ್ಲಾ ಫಿಕೀರು ನಮಗ್ಯಾಕ? ಪಗಾರ ತಗೊಂಡು ಆರಾಮ ಇರಮ್" ಎಂದರು. ರಾಯರು, "ನಾಳಿ ಯಾವನರೆ ಕೆಮ್ಮಿದ್ರ ಅವನ ಎದಿ ನೋಡಬೇಕೋ, ಧಣಿ ಮಾರಿ ನೋಡಬೇಕೋ?" ಎಂದರು. ಅಂದೇ ಮಾತು ಬಂದ್.

೪. ಕಾರಣ, ತಮ್ಮಿಬ್ಬರ ಮೇಜುಗಳ ನಡುವಿನ ಪರದೆಯ ಈಚೆಯ ಮಾತನ್ನು ಆಚೆ ಒಯ್ಯುವುದು ರೋಗಿಗಳ ಪಾಲಿಗೆ ಬಂದಿದೆ. ನಿನ್ನೆ "ಮಾರಲಿಕ್ಕಿ ಒಪ್ಪಿದ್ರ ಸಹಿ ಮಾಡ್ತೀನಿ ಅಂತ ಹೇಳು ಅವರಿಗಿ" ಎಂಬ ಗನಿ ಡಾಕ್ಟರ ಮಾತನ್ನು ಅರ್ಜಿದಾರನೇ ಕೆಮ್ಮುತ್ತ ಒಯ್ದನು. "ಮಾರೂದು ಬಿಟ್ರ ನಾನೂ ಮಾಡ್ತೀನಿ" ಎಂಬ ರಾಯರ ಉತ್ತರವನ್ನೂ ಕೆಮ್ಮುತ್ತಲೇ ತಂದನು. ಚೀಟಿ ಮಾತ್ರ ಖಾಲಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತಂತೆ. ಇಲ್ಲಿ ಆ ಕೂಸಿಗೆ ಐವತ್ತು ದಾಟಿದೆ.

೫. ರಜೆಯನ್ನು ಧಣಿಯವರನ್ನೇ ನೇರ ಕೇಳಲಾಗಿ, ಅವರು ಕನ್ನಡಕದ ಧೂಳು ಒರೆಸುತ್ತ, "ಇಲ್ಲಿ ಧೂಳ ಎಲ್ಲದನೋ ತಮ್ಮಣ್ಣ? ತಡಿ, ದವಾಖಾನಿ ನಂದಾಗ್ಲಿ. ನಮ್ಮ ಡಾಕ್ಟರಿಗೇ ಹೇಳಿ ನಿನ್ನ ಎದಿ ನೋಡಸ್ತೀನಿ" ಎಂದು ಬಹಳ ಪ್ರೀತಿಯಿಂದ ಅಪ್ಪಣೆ ಕೊಟ್ಟರು. ಅಂದಿನಿಂದ ಅರ್ಜಿದಾರನಿಗೆ ಕೆಮ್ಮಿಗಿಂತ ಹೆಚ್ಚು ಭಯ ಹತ್ತಿದೆ. ಅಂಬುಬಾಯಿಯಂತೂ, "ಆ ಇಬ್ಬರು ಮುದುಕರನ್ನ ಒಂದು ಮಂಚದ ಮ್ಯಾಲ ಕುಂದರಿಸಿ ನಾನೇ ಸಹಿ ಮಾಡಸ್ತೀನಿ" ಎಂದು ಸೆರಗು ಕಟ್ಟಿ ನಿಂತಿದ್ದಾಳೆ. ಅವಳು ಬರುವುದಕ್ಕಿಂತ ಅರ್ಜಿ ಬರುವುದು ತಮಗೇ ಕ್ಷೇಮ.

ಆದಕಾರಣ, ಜಗಳವನ್ನು ಸಾವಕಾಶ ಮುಂದುವರಿಸಿ, ಸಹಿಯನ್ನು ಮೊದಲು ದಯಪಾಲಿಸಬೇಕಾಗಿ ವಿನಂತಿ.

ತಮ್ಮಿಬ್ಬರಿಗೂ ಸಮಪಾಲಿನಲ್ಲಿ ವಿಶ್ವಾಸಿ,
ತಮ್ಮಣ್ಣ

ಲಗತ್ತುಗಳು:
ಅ) ರಜೆ ಚೀಟಿ, ಖಾಲಿ, ಮಡಚಿ ಮಡಚಿ ಹರಿದದ್ದು.
ಆ) ಅರ್ಜಿದಾರನ ಕರವಸ್ತ್ರ. ಬೆಳಿಗ್ಗೆ ಬೆಳ್ಳಗಿತ್ತು.

ವಿ.ಸೂ.: ಸಹಿ ಮಾರಾಟಕ್ಕೆ ಮುಂಚೆಯೇ ಆಗಬೇಕು. ಮಾರಾಟವಾದ ಮರುದಿನದಿಂದ ನಮ್ಮ ಕಾರಖಾನೆಯಲ್ಲಿ ಯಾರಿಗೂ ಕೆಮ್ಮು ಇರುವುದಿಲ್ಲ.