ಸ್ಪಾನರುಗಳ ಶಯನಮಂದಿರ

ನನ್ನ ಹೆಂಡತಿಗೆ ಸಿಟ್ಟು ಬಂದದ್ದು ತಪ್ಪಲ್ಲ. ಚಮಚಕ್ಕೆಂದು ಅಡುಗೆಮನೆಯ ಡಬ್ಬಕ್ಕೆ ಕೈ ಹಾಕಿದವಳಿಗೆ ಗ್ರೀಸು ಮೆತ್ತಿದ ಇಕ್ಕಳ ಸಿಕ್ಕರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? (ಅಲ್ಲಿಟ್ಟವನು ನಾನೇ. ಕೈಗೆ ಸಿಗಲಿ ಎಂದು ಇಟ್ಟಿದ್ದೆ. ಸಿಕ್ಕಿತು, ಅವಳ ಕೈಗೆ.) ಕಾರು ರಿಪೇರಿಯ ನನ್ನ ಸಾಮಾನು ಅಷ್ಟು ಹೊತ್ತಿಗೆ ಊಟದ ಮೇಜಿನಿಂದ ಅವಳ ಹೊಲಿಗೆ ಪೆಟ್ಟಿಗೆಯವರೆಗೂ ಹಬ್ಬಿತ್ತು.

"ಇದಕ್ಕೆಲ್ಲ ಒಂದು ಜಾಗ ಮಾಡಿ. ಬೇಕು ಅಂದಾಗ ಎರಡು ನಿಮಿಷದಲ್ಲಿ ಕೈಗೆ ಸಿಗಬೇಕು. ಸಿಗಲಿಲ್ವೋ, ಅಷ್ಟನ್ನೂ ಮೂಟೆ ಕಟ್ಟಿ ನನ್ನ ತಮ್ಮನಿಗೆ ಕೊಟ್ಟುಬಿಡ್ತೀನಿ," ಎಂದಳು.

ಹದಿನೆಂಟು ವರ್ಷ ಒಂದೊಂದಾಗಿ ಕೂಡಿಸಿದ ಸಾಮಾನು ಅದು. ಅವಳ ತಮ್ಮನೋ, ಮೊದಲಿನಿಂದಲೂ ಅದರ ಮೇಲೆ ಕಣ್ಣಿಟ್ಟವನು.

ಅಂದಿನಿಂದ ನಾನು ಈ ಲೋಕದಲ್ಲಿರಲಿಲ್ಲ. ಆಫೀಸಿನಲ್ಲಿ ಫೈಲು ತೆರೆದರೆ ಅದರೊಳಗೆ ಖಾನೆಗಳು ಕಾಣುತ್ತಿದ್ದವು. ಕಾರ್ ಶೆಡ್ಡಿನ ಒಳಗೋಡೆಗೆ ಒರಗಿದ ಜೇನುಬಣ್ಣದ ಮರದ ಕಪಾಟು. ಮುಟ್ಟಿದರೆ ಸಾಕು, ಎರಡಡಿ ಹೊರಗೆ ತೇಲಿ ಬರುವ ಡ್ರಾಯರುಗಳು. ಒಳಗೆ ನೀಲಿ ಮಖಮಲ್ಲಿನಲ್ಲಿ ಒಂದೊಂದು ಸ್ಪಾನರಿಗೂ ಅದರದೇ ಆಕಾರದ ಹಾಸಿಗೆ! ಎಷ್ಟೋ ಕಾಗದ ಹಾಳುಮಾಡಿ ನಕ್ಷೆ ಬರೆದೆ. ನಕ್ಷೆಯಲ್ಲಿ ಎಲ್ಲವೂ ಇತ್ತು, ಕಾರೊಂದು ಇರಲಿಲ್ಲ. ಬಡಗಿ ನಕ್ಷೆ ನೋಡಿದ, ಶೆಡ್ಡು ನೋಡಿದ, ನನ್ನ ಮುಖ ನೋಡಿದ. ಆಮೇಲೆ ತಲೆ ಕೆರೆದುಕೊಂಡು, ನೀವು ಹೇಳಿದ ಹಾಗೇ ಆಗಲಿ ಸಾರ್ ಎಂದ.

ಕೆಲಸ ಮುಗಿದದ್ದು ಭಾನುವಾರ ಮಧ್ಯಾಹ್ನ. ಸಾಮಾನನ್ನೆಲ್ಲ ಮಲಗಿಸಿ, ಅಷ್ಟು ದಿನ ಬೀದಿಯಲ್ಲಿ ನಿಂತಿದ್ದ ಕಾರನ್ನು ಒಳಗೆ ತಂದು, ಶೆಡ್ಡಿನ ಬಾಗಿಲು ಹಾಕಿದೆ. ಒಳಗೆ ಬೆಳಕು ಸಾಲದೆ ಹೆಡ್‌ಲೈಟು ಹಚ್ಚಿದೆ. ಅಬ್ಬಾ! ಕಪಾಟು ಬಂಗಾರದಂತೆ ಬೆಳಗಿತು. ಸೀಟಿಗೆ ಒರಗಿ ನೋಡುತ್ತಲೇ ಇದ್ದೆ. ಯಾವಾಗ ಕಣ್ಣು ಮುಚ್ಚಿತೋ ತಿಳಿಯದು. ಹೆಂಡತಿ ಕಾಫಿಗೆ ಕೂಗಿದಾಗ ನಿದ್ದೆಗಣ್ಣಿನಲ್ಲೇ ಎದ್ದು ಹೋದೆ. ದೀಪ ಆರಿಸಲಿಲ್ಲ.

ಸೋಮವಾರ ಬೆಳಗ್ಗೆ ಅವಳ ಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್. ಒಂಬತ್ತೂವರೆಗೆ ಅಲ್ಲಿರಬೇಕು. ಕೀಲಿ ತಿರುಗಿಸಿದರೆ ಕಾರು ಸೊಲ್ಲೆತ್ತಲಿಲ್ಲ. ಬ್ಯಾಟರಿ ಸತ್ತಿತ್ತು.

"ಚಾರ್ಜರ್ ಇದೆ, ಮೂರನೇ ಡ್ರಾಯರು," ಎಂದು ಗತ್ತಿನಿಂದ ಇಳಿದೆ. ಡ್ರಾಯರು ಗೇಣುದ್ದ ಬಂದು ಬಂಪರಿಗೆ ಬಡಿದು ನಿಂತಿತು. ಕೈ ತೂರಿಸಿದೆ. ಬೆರಳಿಗೆ ಚಾರ್ಜರಿನ ಮೂಗು ತಾಗುತ್ತಿತ್ತು. ಆದರೆ ಅದು ಹಾಸಿಗೆ ಬಿಟ್ಟು ಏಳಲೊಲ್ಲದು. ಚಾರ್ಜರ್ ಬೇಕಾದರೆ ಕಾರು ಹಿಂದೆ ಹೋಗಬೇಕು, ಕಾರು ಹಿಂದೆ ಹೋಗಬೇಕಾದರೆ ಚಾರ್ಜರ್ ಬೇಕು. ತಳ್ಳೋಣವೆಂದರೆ ಶೆಡ್ಡು ರಸ್ತೆಗಿಂತ ಎರಡಡಿ ತಗ್ಗು. ಇಬ್ಬರೂ ಏದುಸಿರು ಬಿಟ್ಟದ್ದೇ ಬಂತು.

ಹೆಂಡತಿ ಬೈಯಲಿಲ್ಲ. ಗಡಿಯಾರ ನೋಡಿದಳು, ತಮ್ಮನಿಗೆ ಫೋನ್ ಮಾಡಿದಳು, ಅಷ್ಟೆ. ನಾನು ಬೈಗುಳವನ್ನಾದರೂ ತಡೆದುಕೊಳ್ಳುತ್ತಿದ್ದೆ.

ಅವನು ಬಂದು, ತನ್ನ ಕಾರಿನ ಸೀಟಿನ ಕೆಳಗಿದ್ದ ಹಳೇ ದಿಂಬಿನ ಚೀಲದಿಂದ ಎರಡು ಉದ್ದನೆಯ ವೈರು ತೆಗೆದು, ತನ್ನ ಬ್ಯಾಟರಿಯಿಂದ ನಮ್ಮದಕ್ಕೆ ಜೀವ ಕೊಟ್ಟ. ಕಾರು ಹೊರಬಂದ ಮೇಲೆ ನೋಡಬೇಕಿತ್ತು, ಡ್ರಾಯರುಗಳು ಬೆಣ್ಣೆಯಂತೆ ಜಾರುತ್ತಿದ್ದವು.

ಆಡಿದ ಮಾತಿಗೆ ತಪ್ಪುವವಳಲ್ಲ ಅವಳು. ಅಂದು ಸಂಜೆಯೇ ನಾಲ್ಕು ಮೂಟೆ ಕಟ್ಟಿದಳು. ಖಾಲಿಯಾದ ಖಾನೆಗಳಿಗೆ ರಜಾಯಿ, ಕಂಬಳಿ ತುಂಬಿದಳು. ಅವು ಅವಸರಕ್ಕೆ ಬೇಕಾಗುವುದಿಲ್ಲವಂತೆ. ಕೊನೆಯ ಮೂಟೆ ಅವಳ ತಮ್ಮನ ಕಾರಿನ ಡಿಕ್ಕಿ ಸೇರುವಾಗ ನನಗೆ ನಿಜಕ್ಕೂ ಅಳು ಬಂತು.

ಭಾವಮೈದುನ ಸಂಕೋಚದಿಂದ ಹತ್ತಿರ ಬಂದ. "ಭಾವ, ಇಷ್ಟೊಂದನ್ನ ನಾನೆಲ್ಲಿ ಇಡಲಿ? ನಮ್ಮ ಶೆಡ್ಡಿಗೂ ಒಂದು ಕಪಾಟು ನೀವೇ ಡಿಸೈನ್ ಮಾಡಿಕೊಡಿ."

ಅವನ ಮುಖಕ್ಕೆ ಬಾಗಿಲು ಹಾಕಬೇಕೆಂದುಕೊಂಡೆ. ಹಾಳಾದ ಬಾಯಿ ಅಷ್ಟರಲ್ಲೇ ಕೇಳಿಬಿಟ್ಟಿತ್ತು:

"ನಿಮ್ಮ ಗೋಡೆ ಎಷ್ಟು ಅಗಲ ಇದೆ?"