ಸ್ಪೇನಿನಾಗ ಒತ್ತಾಯ ಮಾಡೋರಿಲ್ಲ

ಮಂದಿ ಮನ್ಯಾಗ ವರ್ಷಕ್ಕೊಂದು ಫಜೀತಿ ಆದ್ರ, ನಮ್ಮ ಮನ್ಯಾಗ ಫೋನ್ ಬಂದಾಗೊಮ್ಮೆ ಒಂದು ಆಗ್ತೈತಿ. ನಾ ಸಾಲಿ ಮೆಟ್ಟಲಾ ಹತ್ತಿದಾಂವ ಅಲ್ಲ. ಆದ್ರ ಇಂಡಿ ತಾಲೂಕಿನಾಗ ಲಿಂಬಿ ಅಂದ್ರ ನಾ, ನಾ ಅಂದ್ರ ಲಿಂಬಿ. ನನ್ನ ತೋಟದ ಒಂದ ಕಾಯಿ ಕಾಲ ಮ್ಯಾಲ ಬಿದ್ದು ಎತ್ತು ಎಂಟು ದಿನ ಕುಂಟಿತ್ತು. ನಂಬೋರು ನಂಬ್ರಿ.

ನನ್ನ ಮೊಮ್ಮಗಳು ಲಿಂಬಿ-ಕಿತ್ತಳಿ ಗಿಡದ ವಿದ್ಯಾ ಕಲಿಯಾಕ ಸ್ಪೇನ್ ದೇಶದ ವಲೆನ್ಸಿಯಾಕ್ಕ ಹೋದ್ಲು. ಹೋಗೂ ಮುಂದ ಅಕಿ ಅಪ್ಪ, ಅಂದ್ರ ನನ್ನ ಮಗ, ಕರಾರು ಹಾಕಿದ: "ಒಂದು ತಿಂಗಳದಾಗ 'ಆಗವಲ್ದು' ಅಂದಿ, ತಿರುಗಿ ಕರಸ್ತೇನಿ. ಸಿಂದಗಿ ವರ ತಯಾರ ಅದಾನ." ಅದಕ್ಕ ಅಕಿ ತನ್ನ ತ್ರಾಸು ನನಗೊಬ್ಬಂಗ ಹೇಳ್ತಿದ್ಲು. ಮುಚ್ಚೂ ಕೆಲಸ ನಂದು.

ಬ್ಯಾಡಂದ್ರ ಬ್ಯಾಡ

ಊಟ, ವಸ್ತಿ ಎಲ್ಲಾ ಅಲ್ಲಿ ಒಬ್ಬ ಮುದುಕಿ ಮನ್ಯಾಗ. ಮೊದಲನೇ ದಿನ ಮುದುಕಿ ಅನ್ನದ ತಾಟು ತಂದ್ಲು. ನಮ್ಮ ಹುಡುಗಿ ಎರಡೂ ಕೈ ಅಡ್ಡ ಹಿಡಿದು "ಬ್ಯಾಡ್ರಿ" ಅಂದ್ಲು. ನಮ್ಮ ಕಡೆ ಮೊದಲನೇ ಬ್ಯಾಡ ಅಂದ್ರ ಇನ್ನೆರಡು ಸಲ ಕೇಳ್ರಿ ಅಂತ. ಮುದುಕಿ ಇನ್ನೊಮ್ಮೆ ಕೇಳಲಿಲ್ಲ. ತಾಟು ತಿರುಗಿ ಒಯ್ದು ತಾನ ಉಂಡ್ಲು. ಹಿಂಗ ಮೂರು ದಿನ. ಕಟ್ಟಿ ಕೊಟ್ಟ ರೊಟ್ಟಿನೂ ತೀರಿದ್ವು.

"ಹೂಂ ಅಂದುಬಿಡ ನಮ್ಮವ್ವ!" ಅಂದೆ ಫೋನಿನಾಗ.

"ಒಂದ ಸಲಕ್ಕ ಹೂಂ ಅಂದ್ರ ಹಸಗೇಡಿ, ಹೊಟ್ಟಿಬಾಕಿ ಅಂತಾರ ಅಂತ ನೀನ ಕಲಿಸೀದಲ್ಲ, ಮುತ್ಯಾ!"

ಈ ವಯಸ್ಸಿನ ತನಕ ಊರ ಮಂದಿಗೆಲ್ಲಾ ಬುದ್ಧಿ ಹೇಳೀನಿ. ಒಬ್ಬರೂ ಕೇಳಿಲ್ಲ. ಕೇಳಿದಾಕಿ ಒಬ್ಬಾಕಿ, ಅಕಿ ಉಪವಾಸ ಬಿದ್ಲು.

ನಮ್ಮೂರ ಚಾದಂಗಡ್ಯಾಗ ಮಾತ್ರ, "ಅಕಿಗೆ ಒಂಬತ್ತು ಪಲ್ಯಾ ಮಾಡಿ ಹಾಕ್ತಾರ" ಅಂದೆ.

ದಾರಿ ಮ್ಯಾಲಿನ ಕಿತ್ತಳಿ

ಆ ಊರಾಗ ದಾರಿಗುಂಟ ಕಿತ್ತಳಿ ಗಿಡ. ಹಣ್ಣು ಉದುರಿ ಬಿದ್ದಿರ್ತಾವ, ಯಾರೂ ಎತ್ತೂದಿಲ್ಲ. ಹುಡುಗಿ ಅಂಗಡಿ ಬ್ರೆಡ್ಡಿನ ಮ್ಯಾಲ ದಿನಾ ದೂಡ್ತಿದ್ಲು. ಒಂದಿನ ಮಧ್ಯಾಹ್ನ, ಅಲ್ಲಿ ರೂಢಿಯಂಗ, ಅಂಗಡಿ ಎಲ್ಲಾ ಬಾಗಿಲಾ ಹಾಕಿದ್ವು, ಅಕಿ ಹಸದಿದ್ಲು. ಫೋನಿನಾಗ ಹಣ್ಣು ತೋರಿಸಿದ್ಲು.

"ತಿನ್ನು. ಸಿಪ್ಪಿ ನೋಡಿದ್ರ ಗೊತ್ತಾಗ್ತೈತಿ, ಸಕ್ಕರಿ ಅದು!" ಅಂದೆ.

ಒಂದು ತೊಳಿ ಬಾಯಾಗ ಇಟ್ಲು. ಬೇವು ಅದಕ್ಕಿಂತ ಸಿಹಿ. ಉಗುಳಿ, ಕೆಮ್ಮಿ, ಕಣ್ಣಾಗ ನೀರು ಬಂದು ನಿಂತ್ಲು. ಹೋಗೂ ಬರೂ ಮಂದಿ ನಕ್ಕರು. ಹಣ್ಣಾಗಿ ಉದುರಿದ್ರೂ ಊರಿಗೆ ಊರ ಮುಟ್ಟೂದಿಲ್ಲ ಅಂದ್ರ ಅದು ಕಹಿ ಅಂತ ದನಾ ಕಾಯಾಂವಗೂ ತಿಳಿತೈತಿ.

"ಮುತ್ಯಾ, ನಿನಗ ಲಿಂಬಿ ಖರೇನ ತಿಳಿತೈತೇನು?"

ಎಂಥೆಂಥಾ ಮಂದಿ ಬೈದಾರ ನನಗ. ಅವತ್ತಿನಷ್ಟು ಮನಸಿಗೆ ಚುಚ್ಚಿರಲಿಲ್ಲ. ಚಾದಂಗಡ್ಯಾಗ, "ಅಲ್ಲಿ ಸರಕಾರನ ದಾರಿಗುಂಟ ಹಣ್ಣು ತೂಗಬಿಡ್ತೈತಿ" ಅಂದೆ.

ತಿಂಗಳು ತುಂಬಿದ ದಿನ

ಸಿಂದಗಿ ವರನ ಅಪ್ಪ ಮನಿಗೆ ಬಂದು ಕುಂತ. ಮಗ ವಿಡಿಯೋ ಹಚ್ಚಿದ. ಹುಡುಗಿ ಮಾರಿ ಬತ್ತಿತ್ತು.

"ಯಾಕವ್ವಾ, ಸೊರಗೀಯಲ್ಲ?" ಅಂದ ಮಗ.

ಅಕಿ 'ಆಗವಲ್ದು' ಅನ್ನಾಕ ಬಾಯಿ ತೆಗೆದದ್ದು ಕಂಡೆ. ಒಂದು ಮಾತು ಬಿದ್ರ ಅಕಿ ವಿದ್ಯಾ ಮುಗೀತು. ನಾ ಫೋನ್ ಕಸಗೊಂಡೆ: "ಸೊರಗೂದೇನ್ ಬಂತು! ಮಾಸ್ತರಗೋಳು ಎದ್ದು ನಿಂತು ನಮಸ್ಕಾರ ಮಾಡ್ತಾರ. ಸ್ಪೇನಿನ ರಾಜಾ ತನ್ನ ತೋಟಾ ನೋಡಾಕ ಅಕಿನ್ನ ಕರದಾನ. ಅರಮನ್ಯಾಗ ಒಂದು ಖೋಲಿ ಖಾಲಿ ಇಟ್ಟಾರ!"

ಗೆದ್ದೆ ಅಂದುಕೊಂಡೆ.

ವರನ ಅಪ್ಪ ಮೀಸಿ ಒರಸಿಕೊಂಡು, "ಹಂಗಾರ ಅಕಿನ್ನ ಯಾಕ ಕರಸ್ತೀರಿ? ನಮ್ಮ ಹುಡುಗನ್ನ ಅಲ್ಲೇ ಕಳಸ್ತೇವಿ. ಅಲ್ಲೇ ಸಂಸಾರ ಮಾಡ್ಲಿ" ಅಂದ. ಮಗ ಕೈ ಮುಗಿದು ಒಪ್ಪಿಕೊಂಡ.

ಹುಡುಗಿ ನಾಕು ದಿನ ಮಾತು ಬಿಟ್ಲು. ಐದನೇ ದಿನ ಅಂದ್ಲು: "ಮುತ್ಯಾ, ಸುಳ್ಳು ಹೇಳಿ ನನ್ನ ಇಲ್ಲಿ ಉಳಿಸಿದಿ. ಈಗ ಖರೇ ಹೇಳಿ ಅಂವನ್ನ ಸಿಂದಗ್ಯಾಗ ಉಳಸು."

ಸಿಂದಗಿಗೆ ಹೋದೆ. ಹುಟ್ಟಿದಾಗಿಂದ ಮಾಡದ ಕೆಲಸ ಮಾಡ್ದೆ. ಉಪವಾಸ ಹೇಳ್ದೆ, ಕಹಿ ಹಣ್ಣು ಹೇಳ್ದೆ, ಅಕಿ ಅಳೂದು ಹೇಳ್ದೆ. ಹೇಳ್ತಾ ನಂದೂ ಕಣ್ಣು ತುಂಬಿತು.

ವರನ ಅಪ್ಪ ಎಲ್ಲಾ ಕೇಳಿ, ಚಾ ತರಿಸಿ, ನನ್ನ ಭುಜದ ಮ್ಯಾಲ ಕೈ ಇಟ್ಟು ಅಂದ: "ಹುಡುಗ ಪಾಸ್‌ಪೋರ್ಟ್ ಮಾಡಸಾಕ ಹೋಗ್ಯಾನ್ರಿ. ಇಂಥಾ ಸುಳ್ಳು ಹೇಳೂದು ನಿಮಗ ಬರೂದಿಲ್ಲ, ಬಿಡ್ರಿ ಯಜಮಾನ್ರ."