ಕಾಕಾನ ಮನೆಯ ಚಿಲಕ

ನಮ್ಮ ಕಾಕಾನ ಮನೆಗೆ ಹೋಗುವವರಿಗೆ ಹಾಡು ಬರಬೇಕು. ಬರದಿದ್ದರೆ ಕೆಮ್ಮಾದರೂ ಬರಬೇಕು. ಯಾಕೆಂದರೆ ಕಲಬುರಗಿಯ ಕುಸನೂರಿನಲ್ಲಿರುವ ಆ ಮನೆಯಲ್ಲಿ ಯಾವ ಬಾಗಿಲಿಗೂ ಒಳಚಿಲಕವಿಲ್ಲ, ಬಚ್ಚಲಿಗೂ ಇಲ್ಲ! ಒಳಗಿದ್ದವರು ತಾವಿದ್ದೇವೆಂದು ಸದ್ದು ಮಾಡುತ್ತಲೇ ಇರಬೇಕು. ಮದುವೆಯಾದ ಹೊಸತರಲ್ಲಿ ನಮ್ಮ ಮನೆಯವರು ಸಂಕೋಚಪಡುತ್ತ ಬಚ್ಚಲಿಗೆ ಹೋಗಿ, ಹಾಡು ಬಾರದೆ ಮಗ್ಗಿ ಹೇಳತೊಡಗಿದರು. ಏಳರ ಮಗ್ಗಿಯಲ್ಲಿ ತಡವರಿಸಿದಾಗ ಹೊರಗಿನಿಂದ ಕಾಕಾನ ದನಿ ಕೇಳಿತು: “ಏಳೆಂಟ್ಲೆ ಐವತ್ತಾರ್ರಿ, ಅಳಿಯಂದಿರ.”

ಆ ಮದುವೆಯ ಕಥೆಯೂ ಒಂದಿದೆ. ಬಂಧುಗಳು ಆಯೇರವೆಂದು ಸೀರೆ, ಧೋತರ ತರುವುದು ವಾಡಿಕೆಯಲ್ಲವೇ? ಕಾಕಾ ಒಂದು ಬಕೆಟ್ ಉಸುಕು ತಂದ. ಮೇಲೆ ಕುಬಸದ ಕಣ ಹೊದಿಸಿ, ಅರಿಷಿಣ ಕುಂಕುಮ ಇಟ್ಟಿದ್ದ. ನಮ್ಮತ್ತೆ ಕಣ ಎತ್ತಿ ನೋಡಿ ದಂಗಾದರು.

“ಇದೇನ್ರಿ ಬೀಗರ, ಉಸುಕು?”

“ಒಲಿ ಬಾಜೂಕ ಇಡ್ರಿ. ಬಾಣಲ್ಯಾಗಿನ ಎಣ್ಣಿ ಹೊತ್ಕೊಂಡ್ರ ನೀರು ಹಾಕಬ್ಯಾಡ್ರಿ, ಇದನ್ನ ಸುರೀರಿ.”

“ಹೊತ್ಕೊಳ್ಳಲಿಲ್ಲಂದ್ರ?”

“ಬೆಕ್ಕು ಸಾಕ್ರಿ, ಅದಕ್ಕ ಕೆದರಾಕ ಉಸುಕು ಬೇಕಾಗ್ತದ.”

ಇನ್ನು ಅಮಾವಾಸ್ಯೆ ಬಂದರೆ ಬೆಳಿಗ್ಗೆ ಕಾಕಾ ಊಟದ ತಾಟು ಬಡಿಯುತ್ತಾನೆ. ಬೆಂಕಿ ಬಿದ್ದಿದೆ ಎಂದೇ ತಿಳಿದು ಎಲ್ಲರೂ ಕೈಲಿದ್ದ ಕೆಲಸ ಬಿಟ್ಟು, ಗ್ಯಾಸ್ ಬಂದ್ ಮಾಡಿ, ಗೇಟಿನಾಚೆ ಬೇವಿನ ಮರದ ಕೆಳಗೆ ಸೇರಬೇಕು. ಅಮಾವಾಸ್ಯೆಯೇ ಯಾಕೆ? “ತಾರೀಖು ಮರೀತೀರಿ, ಅಮಾಸಿ ಮರಿಯಂಗಿಲ್ಲ” ಎನ್ನುತ್ತಾನೆ. ಒಮ್ಮೆ ನಮ್ಮವ್ವ ಅಲ್ಲಿದ್ದಾಗ ಕಾಕಾ ತಾಟು ಬಡಿದ. ಅವ್ವ ರೊಟ್ಟಿ ಬುಟ್ಟಿ ಎತ್ತಿಕೊಂಡೇ ಓಡಿದಳು.

“ವೈನಿ, ಬೆಂಕಿ ಬಿದ್ದಾಗ ಏನೂ ತರಬಾರದಂತ ಹೇಳೀನಿಲ್ಲ?”

“ಮನಿ ಸುಟ್ರ ಹೊಟ್ಟಿ ಸುಮ್ಮನಿರ್ತದೇನಪ್ಪಾ?”

ಹೀಗೆ ನಗುತ್ತೇವೆ. ಆದರೆ ಚಿಲಕ ಹಾಕಿಸು ಎಂದು ನಮ್ಮಲ್ಲಿ ಯಾರೂ ಅವನಿಗೆ ಹೇಳಿದ್ದಿಲ್ಲ. ಹಿಂದೆ ಅವರು ಕಮಲಾಪುರದಲ್ಲಿದ್ದಾಗ ಕಾಕಾನ ಹೆಂಡತಿ, ನಮ್ಮ ಕಾಕು, ಸ್ನಾನಕ್ಕೆಂದು ಬಾಗಿಲು ಹಾಕಿಕೊಂಡು ಬಚ್ಚಲ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದಳು. ಸೆರಗಿಗೆ ಬೆಂಕಿ ಹತ್ತಿತು. ದಪ್ಪ ಸಾಗವಾನಿ ಬಾಗಿಲು, ಕಬ್ಬಿಣದ ಚಿಲಕ. ಕಾಕಾ ಹೊರಗಿನಿಂದ ಕೂಗಿದ, ಒದ್ದ, ಕೊಡಲಿ ತಂದು ಒಡೆದ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗಳು ಇನ್ನೂ ತೊಟ್ಟಿಲಲ್ಲಿದ್ದಳು. ಆ ಕೂಸನ್ನು ಎತ್ತಿಕೊಂಡು ಕಲಬುರಗಿಗೆ ಬಂದವನು ಮೊದಲು ಮಾಡಿದ ಕೆಲಸವೆಂದರೆ ಮನೆಯ ಚಿಲಕಗಳನ್ನೆಲ್ಲ ಬಿಚ್ಚಿ ಎಸೆದದ್ದು.

ಆ ಕೂಸಿಗೆ ಈ ಬೇಸಿಗೆಯಲ್ಲಿ ಮದುವೆಯಾಯಿತು. ಹೊಸ ಮದುಮಗಳು ಪಂಚಮಿಗೆ ಗಂಡನ ಜೊತೆ ತವರಿಗೆ ಬರಬೇಕು. ಅವಳು ನನಗೆ ಫೋನ್ ಮಾಡಿ ಅತ್ತಳು. “ಚಿಲಕ ಇಲ್ಲದ ಖೋಲಿಗೆ ಅವರನ್ನ ಹ್ಯಾಂಗ ಕರ್ಕೊಂಡು ಬರ್ಲಿ ಅಕ್ಕಾ? ಅಪ್ಪಗ ಹೇಳಾಕ ಬಾಯಿ ಬರಂಗಿಲ್ಲ. ನಾ ಬರೂದೇ ಇಲ್ಲ.”

ಇದ್ದೊಬ್ಬ ಮಗಳಿಲ್ಲದೆ ಕಾಕಾ ಹಬ್ಬ ಮಾಡುವುದುಂಟೇ ಎಂದು ಅವ್ವನಿಗೆ ಹೇಳಿದೆ. ಕಡೆಗೆ ಅವ್ವನೇ ಗಟ್ಟಿ ಮನಸ್ಸು ಮಾಡಿ ಅವನ ಹತ್ತಿರ ಹೋದಳು. “ಹೊಸಾ ಗಂಡ ಹೆಂಡತಿ ರಾತ್ರಿಯೆಲ್ಲ ಹಾಡ್ಕೊಂತ ಮಲಗಬೇಕೇನಪ್ಪಾ?” ಎಂದಳು. ಕಾಕಾ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಬರುವಾಗ ಕೈಯಲ್ಲಿ ಹಿತ್ತಾಳೆಯ ಚಿಲಕವಿತ್ತು. ಬಡಿಗನನ್ನು ಕರೆಯದೆ ತಾನೇ ಕೂತು ಅದನ್ನು ಮಗಳ ಖೋಲಿಗೆ ಜೋಡಿಸಿದ.

ಪಂಚಮಿಗೆ ಅವರು ಬಂದರು. ನಾವೂ ಹೋಗಿದ್ದೆವು. ಅಳಿಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಕಾಕಾ ಮಗಳನ್ನು ಖೋಲಿಯ ಹತ್ತಿರ ಕರೆದ. “ಒಳಗ ಹೋಗಿ ಹಾಕಿ ನೋಡವ್ವ.”

ಅವಳು ಒಳಗೆ ಹೋಗಿ ಚಿಲಕ ಹಾಕಿದಳು. ಆ ಸದ್ದಿಗೇ ಕಾಕಾನ ಮುಖ ಬೆವರಿತು. ಎರಡೂ ಅಂಗೈ ಬಾಗಿಲಿಗೆ ಒತ್ತಿ ನಿಂತ.

“ತೆಗಿ.”

ಹೊಸ ಚಿಲಕ, ತುಸು ಬಿಗಿ. ತೆಗೆಯುವುದು ತಡವಾಯಿತು.

“ತೆಗಿಯವ್ವ, ತೆಗಿ ನನ್ನ ತಾಯಿ, ತೆಗಿ…” ಬಾಗಿಲು ಬಡಿಯತೊಡಗಿದ. ಪಡಸಾಲೆಯಿಂದ ಅಳಿಯ ಎದ್ದು ಬಂದ.

ಬಾಗಿಲು ತೆರೆಯಿತು. ನಗುತ್ತ ನಿಂತಿದ್ದ ಮಗಳು ಅಪ್ಪನ ಮುಖ ನೋಡಿ ನಗು ನಿಲ್ಲಿಸಿದಳು. ಕಾಕಾ ಅವಳ ಕೆನ್ನೆ, ಭುಜ, ಕೈಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದ.

“ತೆಗದಿ. ಕರದ್ರ ತೆಗದ್ಯವ್ವ ನೀ,” ಅಂದ. “ನಿಮ್ಮವ್ವಗ ಎಷ್ಟ್ ಕರದೆ ನಾ…”